ಜಡ್ಡು ಯಾರದು, ಜಮೀನು ಯಾರದು?

ಧಾರವಾಡದ ಕಡೆ ಕಾಯಿಲೆಗೆ ‘ಜಡ್ಡು’ ಎನ್ನುತ್ತಾರೆ. ನೋವಿಗೂ ರೋಗಕ್ಕೂ ಸೇರಿ ‘ಬ್ಯಾನಿ’ ಎಂಬ ಮಾತಿದೆ. ಆಸ್ಪತ್ರೆ ‘ದವಾಖಾನಿ’. ಇಲ್ಲಿನ ಹಳ್ಳಿಗಳಲ್ಲಿ ಯಾರಾದರೂ ತಮ್ಮ ಮನೆಯ ಹಳೆಯ ಜಡ್ಡಿನ ಕತೆ ಹೇಳಲು ಕೂತರೆ ಅದು ಮೈಯಿಂದ ಶುರುವಾಗುವುದು ಕಡಿಮೆ. ‘ಆ ವರ್ಷ ಮಳಿ ಹೋತು, ಎತ್ತು ಮಾರಿದ್ವಿ, ಮಗಳ ಮದುವಿ ಸಾಲ ಹಂಗ ಇತ್ತು, ಆಮ್ಯಾಲೆ ಅಪ್ಪ ಜಡ್ಡಿಗೆ ಬಿದ್ದ’ ಎಂಬ ಧಾಟಿಯಲ್ಲಿ ಶುರುವಾಗುತ್ತದೆ. ರೋಗದ ಹೆಸರು ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಮಳೆ, ಎತ್ತು, ಸಾಲ, ಜಡ್ಡು ಎಂಬ ಈ ಅನುಕ್ರಮದಲ್ಲಿ ಒಂದು ತಿಳಿವಳಿಕೆ ಇದೆ. ಮೈಗೆ ಬಂದದ್ದು ಮೈಯಲ್ಲೇ ಹುಟ್ಟಿದ್ದಲ್ಲ ಎನ್ನುವುದು ಆ ತಿಳಿವಳಿಕೆ.

ಕನ್ನಡದ ದೊಡ್ಡ ಕತೆಗಾರರಿಗೂ ಇದು ಗೊತ್ತಿತ್ತು. ಅವರ ಕಾದಂಬರಿಗಳಲ್ಲಿ ಜ್ವರ, ಪ್ಲೇಗು, ಹಸಿವು ಬಂದಾಗಲೆಲ್ಲ ಅದರ ಹಿಂದೆ ಭೂಮಿ, ಜಾತಿ, ಕೂಲಿ, ನೀರು ಇದ್ದೇ ಇರುತ್ತವೆ. ಆದರೆ ಆ ಕಾದಂಬರಿಗಳನ್ನು ಓದುವ ನಮ್ಮ ವಿಮರ್ಶೆ ಬೇರೆ ದಾರಿ ಹಿಡಿದಿದೆ. ಕೃತಿಯಲ್ಲಿ ರೋಗ ಕಂಡ ಕೂಡಲೇ ನಾವು ಅದನ್ನು ರೂಪಕ ಎಂದು ಕರೆಯುತ್ತೇವೆ. ಪ್ಲೇಗು ಎಂದರೆ ನೈತಿಕ ಕೊಳೆತ, ಜ್ವರ ಎಂದರೆ ಒಳತುಮುಲ, ಹಸಿವು ಎಂದರೆ ಅಸ್ತಿತ್ವದ ಖಾಲಿತನ. ಎಂ.ಎ. ತರಗತಿಯ ನೋಟ್ಸುಗಳಿಂದ ಹಿಡಿದು ವಿಚಾರ ಸಂಕಿರಣದ ಪ್ರಬಂಧಗಳವರೆಗೆ ಈ ಸಮೀಕರಣ ಎಷ್ಟು ಸಲೀಸಾಗಿದೆಯೆಂದರೆ, ಪ್ಲೇಗು ಎಂದರೆ ಮೊದಲು ಪ್ಲೇಗೇ ಎಂಬುದು ಮರೆತುಹೋಗಿದೆ. ಹೀಗೆ ಮರೆತಾಗ ಕೃತಿಯ ಒಳಗೇ ಇರುವ ಕೆಲವು ಜನ ನಮಗೆ ಕಾಣದೆ ಹೋಗುತ್ತಾರೆ. ಅವರು ಯಾರು ಎಂಬುದನ್ನು ಮೂರು ಕೃತಿಗಳ ಮೂಲಕ, ಆಮೇಲೆ ಕೃತಿಗಳ ಹೊರಗಿನ ಎರಡು ಊರುಗಳ ಮೂಲಕ ನೋಡುವುದು ಈ ಬರಹದ ಉದ್ದೇಶ.

ಕಾರಣದ ಹಿಂದಿನ ಕಾರಣ

ರೋಗವನ್ನು ರೂಪಕವಾಗಿಸುವುದರ ಅಪಾಯವನ್ನು ಸೂಸನ್ ಸೊಂಟಾಗ್ 1978ರಷ್ಟು ಹಿಂದೆಯೇ ಬರೆದಿದ್ದರು. ಸ್ವತಃ ಕ್ಯಾನ್ಸರ್ ಚಿಕಿತ್ಸೆ ಪಡೆದಿದ್ದ ಆಕೆಯ ತಕರಾರು ಇದ್ದದ್ದು ರೋಗಿಯ ಪರವಾಗಿ. ಕ್ಷಯಕ್ಕೂ ಕ್ಯಾನ್ಸರಿಗೂ ಸಮಾಜ ಅಂಟಿಸುವ ಅರ್ಥಗಳು ರೋಗಿಯ ಮೇಲೆ ಎರಡನೆಯ ಭಾರ ಹೊರಿಸುತ್ತವೆ ಎಂಬುದು ಆಕೆಯ ಮಾತು. ನಮ್ಮ ಸಂದರ್ಭದಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು. ಇಲ್ಲಿ ರೂಪಕ ರೋಗಿಯನ್ನು ನೋಯಿಸುವುದಕ್ಕಿಂತ ಹೆಚ್ಚಾಗಿ ಮರೆಮಾಡುತ್ತದೆ. ಎಲ್ಲರದೂ ಆದ ರೋಗ ಯಾರದೂ ಅಲ್ಲದ ರೋಗವಾಗುತ್ತದೆ.

ವೈದ್ಯಶಾಸ್ತ್ರದ ಒಳಗೇ ಇದಕ್ಕೆ ಎದುರಾದ ಹಳೆಯ ಪರಂಪರೆಯೊಂದಿದೆ. 1848ರಲ್ಲಿ ಪ್ರಷ್ಯಾ ಸರ್ಕಾರ ರುಡಾಲ್ಫ್ ವಿರ್ಕೋ ಎಂಬ ತರುಣ ವೈದ್ಯನನ್ನು ಮೇಲಿನ ಸೈಲೀಷಿಯಾ ಪ್ರಾಂತ್ಯಕ್ಕೆ ಕಳಿಸಿತು. ಅಲ್ಲಿ ಟೈಫಸ್ ಹಬ್ಬಿತ್ತು. ಔಷಧದ ಪಟ್ಟಿ ಬರಬಹುದೆಂದು ಕಾದಿದ್ದ ಸರ್ಕಾರಕ್ಕೆ ಆತ ಕಳಿಸಿದ ವರದಿಯಲ್ಲಿ ಶಾಲೆ, ರಸ್ತೆ, ಒಳ್ಳೆಯ ಬೇಸಾಯ, ಜನರಿಗೆ ಅವರದೇ ಭಾಷೆಯಲ್ಲಿ ಶಿಕ್ಷಣ, ಪೂರ್ಣ ಪ್ರಜಾಪ್ರಭುತ್ವ ಇವೆಲ್ಲ ಮದ್ದುಗಳಾಗಿದ್ದವು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೈಕಲ್ ಮಾರ್ಮಟ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಆಯೋಗ 2008ರ ವರದಿಯಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಜನ ಹುಟ್ಟುವ, ಬೆಳೆಯುವ, ದುಡಿಯುವ, ಮುಪ್ಪಾಗುವ ಸ್ಥಿತಿಗತಿಗಳೇ ಆರೋಗ್ಯವನ್ನು ತೀರ್ಮಾನಿಸುತ್ತವೆ. ರೋಗಾಣು ಒಂದು ಕಾರಣವಾದರೆ, ಆ ರೋಗಾಣು ಇವರ ಮನೆಗೇ ಏಕೆ ಮೊದಲು ಬಂತು ಎನ್ನುವುದು ಕಾರಣದ ಹಿಂದಿನ ಕಾರಣ. ಕಾದಂಬರಿಯ ಕೆಲಸ ಶುರುವಾಗುವುದೇ ಈ ಎರಡನೆಯ ಕಾರಣದಲ್ಲಿ.

‘ಸಂಸ್ಕಾರ’ದ ಎರಡು ಸಾವುಗಳು

ಅನಂತಮೂರ್ತಿಯವರ ‘ಸಂಸ್ಕಾರ’ (1965) ಓದದ ಸಾಹಿತ್ಯದ ವಿದ್ಯಾರ್ಥಿ ಕರ್ನಾಟಕದಲ್ಲಿ ವಿರಳ. ಶಿವಮೊಗ್ಗಕ್ಕೆ ಹೋಗಿ ಬಂದ ನಾರಣಪ್ಪ ಜ್ವರ ಬಂದು ಸಾಯುತ್ತಾನೆ. ಆಚಾರ ಬಿಟ್ಟವನ ಶವಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆಗೆ ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕುತ್ತಾರೆ. ಹೆಣ ಕೊಳೆಯುತ್ತದೆ, ಇಲಿಗಳು ಬಿದ್ದು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ. ಕೊಳೆಯುತ್ತಿರುವ ಹೆಣವೇ ಕೊಳೆಯುತ್ತಿರುವ ಅಗ್ರಹಾರ ಎಂಬ ಓದು ಇಲ್ಲಿಂದ ತಾನಾಗಿ ಹುಟ್ಟುತ್ತದೆ. ಅದು ತಪ್ಪು ಓದಲ್ಲ, ಕಾದಂಬರಿಯೇ ಅದಕ್ಕೆ ದಾರಿ ಮಾಡಿಕೊಟ್ಟಿದೆ.

ಆದರೆ ಅದೇ ಪುಟಗಳಲ್ಲಿ ಇನ್ನೊಂದು ಸಾವು ನಡೆಯುತ್ತಿರುತ್ತದೆ. ಕಾದಂಬರಿ ಹೊಲಗೇರಿ ಎಂದು ಕರೆಯುವ ಕೇರಿಯಲ್ಲಿ ಒಬ್ಬೊಬ್ಬರಾಗಿ ಜನ ಸಾಯುತ್ತಾರೆ. ಸತ್ತವರನ್ನು ಅವರ ಗುಡಿಸಲ ಸಮೇತ ಸುಟ್ಟುಬಿಡುತ್ತಾರೆ. ಅಲ್ಲಿ ಧರ್ಮಶಾಸ್ತ್ರದ ಚರ್ಚೆಯಿಲ್ಲ, ಯಾರು ಕೊಳ್ಳಿ ಇಡಬೇಕೆಂಬ ಜಿಜ್ಞಾಸೆಯಿಲ್ಲ. ಒಂದು ಹೆಣಕ್ಕಾಗಿ ಇಡೀ ಅಗ್ರಹಾರ ಉಪವಾಸ ಕೂತಿದ್ದರೆ, ಇತ್ತ ಮನೆ ಮತ್ತು ಚಿತೆ ಒಂದೇ ಆಗಿರುತ್ತವೆ. ನಾರಣಪ್ಪನ ಸಂಸ್ಕಾರದ ಬಗ್ಗೆ ನೂರಾರು ಪುಟ ವಿಮರ್ಶೆ ಬಂದಿದೆ. ಈ ಗುಡಿಸಲುಗಳ ಬೆಂಕಿಯ ಬಗ್ಗೆ ಬಂದದ್ದು ತೀರ ಕಡಿಮೆ.

ಪ್ಲೇಗು ಜಾತಿ ನೋಡುವುದಿಲ್ಲ, ನಿಜ. ಅಗ್ರಹಾರದ ಬ್ರಾಹ್ಮಣರೂ ಅದರಿಂದ ಸಾಯುತ್ತಾರೆ. ಆದರೆ ಪ್ಲೇಗಿನಿಂದ ತಪ್ಪಿಸಿಕೊಳ್ಳುವ ದಾರಿಗಳು ಜಾತಿ ನೋಡುತ್ತವೆ. ಅಗ್ರಹಾರದವರಿಗೆ ಹೋಗಲು ಪಾರಿಜಾತಪುರವಿದೆ, ಮಠವಿದೆ, ನೆಂಟರ ಊರುಗಳಿವೆ. ಇದು ಪ್ಲೇಗು ಇರಬೇಕೆಂದು ಊಹಿಸುವವನು ಪತ್ರಿಕೆ ಓದುವ, ಪಟ್ಟಣದ ವ್ಯವಹಾರ ಬಲ್ಲ ಪಾರಿಜಾತಪುರದ ಮಂಜಯ್ಯ. ಸುದ್ದಿಯೂ ಒಂದು ಆಸ್ತಿ, ಅದೂ ಜಮೀನಿನ ಹಾಗೆ ಕೆಲವರ ಬಳಿ ಮಾತ್ರ ಇರುತ್ತದೆ. ಹೊಲಗೇರಿಯವರಿಗೆ ಹೋಗಲು ಊರಿಲ್ಲ, ಓದಲು ಪತ್ರಿಕೆಯಿಲ್ಲ. ಇದೆಲ್ಲ ಭೂತದ ಮುನಿಸು ಎಂದು ಅವರು ತಿಳಿಯುವುದನ್ನು ಮೂಢನಂಬಿಕೆ ಎಂದು ಕರೆಯುವ ಮೊದಲು, ಅವರ ಕಿವಿಗೆ ಬೇರೆ ಯಾವ ವಿವರಣೆ ತಲುಪಿತ್ತು ಎಂದು ಕೇಳಿಕೊಳ್ಳಬೇಕು.

ಹುಬ್ಬಳ್ಳಿ-ಧಾರವಾಡದ ಓದುಗರಿಗೆ ಈ ಭಾಗ ಬೇರೆ ರೀತಿಯಲ್ಲಿ ತಟ್ಟಬೇಕು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಕೆಲವೇ ವರ್ಷದಲ್ಲಿ ನಮ್ಮ ಕಡೆ ತಲುಪಿತು. ರೈಲು ಬಂದಿತ್ತು, ಹತ್ತಿಯ ಪೇಟೆಯಿತ್ತು, ಕಾಳಿನ ಚೀಲಗಳ ಜೊತೆ ಇಲಿಗಳೂ ಚಿಗಟಗಳೂ ಬಂದವು. ವಾಲ್ಡೆಮಾರ್ ಹಾಫ್‌ಕಿನ್ 1897ರಲ್ಲಿ ಮುಂಬಯಿಯಲ್ಲಿ ತನ್ನ ಮೈಮೇಲೆಯೇ ಪರೀಕ್ಷಿಸಿಕೊಂಡ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯ ಹತ್ತಾರು ಸಾವಿರ ಜನರಿಗೆ ಹಾಕಲಾಯಿತು. ಪ್ಲೇಗಿನ ಲಸಿಕೆಯ ಚರಿತ್ರೆಯಲ್ಲಿ ನಮ್ಮ ಊರಿನ ಹೆಸರು ಇರುವುದು ಈ ಕಾರಣಕ್ಕೆ. ಅದೇ 1898ರಲ್ಲಿ ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ, ರೋಗವನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟ ಎಂದು ಕರಾಚಿಯಲ್ಲಿ ತೋರಿಸಿಕೊಟ್ಟ.

ಆ ಕಾಲದಲ್ಲಿ ಪ್ಲೇಗು ಬಂತೆಂದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಈ ಮಾತನ್ನು ಅಜ್ಜ-ಅಜ್ಜಿಯರ ಬಾಯಲ್ಲಿ ಕೇಳಿದವರು ಇವತ್ತಿಗೂ ಇದ್ದಾರೆ. ವಿಮರ್ಶಕ ಕೇಳಬೇಕಾದ ಪ್ರಶ್ನೆ ಇಲ್ಲಿದೆ. ಹೊಲ ಇದ್ದವರು ಹೊಲಕ್ಕೆ ಹೋದರು, ಹೊಲ ಇಲ್ಲದವರು ಎಲ್ಲಿಗೆ ಹೋದರು? ಯಾರ ಬದುವಿನ ಮೇಲೆ ಗುಡಿಸಲು ಹಾಕಿದರು, ಅದಕ್ಕೆ ಬದಲಾಗಿ ಏನು ಕೊಟ್ಟರು? ‘ಸಂಸ್ಕಾರ’ದ ಸುಟ್ಟ ಗುಡಿಸಲು ಈ ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟು ಸುಮ್ಮನಾಗುತ್ತದೆ.

‘ಸುಮ್ಮನಾಗುತ್ತದೆ’ ಎಂದು ಬೇಕೆಂದೇ ಬರೆದಿದ್ದೇನೆ. ಕಾದಂಬರಿಯ ಬಗ್ಗೆ ನನಗಿರುವ ಆಕ್ಷೇಪವೂ ಅದೇ. ಬೆಳ್ಳಿಯ ತಂದೆತಾಯಿ ಅದೇ ರೋಗದಲ್ಲಿ ಸಾಯುತ್ತಾರೆ, ಆದರೆ ಬೆಳ್ಳಿ ಕಾದಂಬರಿಗೆ ಬೇಕಾಗಿರುವುದು ಶ್ರೀಪತಿಯ ಆಸೆಯ ಕಣ್ಣಿಗೆ ಕಾಣುವ ಮೈಯಾಗಿ. ಆಕೆಯ ದುಃಖಕ್ಕೆ ಅಲ್ಲಿ ಜಾಗ ಸಣ್ಣದು. ಪ್ರಾಣೇಶಾಚಾರ್ಯರ ಒಂದು ರಾತ್ರಿಯ ಕಳವಳಕ್ಕೆ ಸಿಕ್ಕ ಸಾಲುಗಳು ಇಡೀ ಕೇರಿಯ ಸಾವಿಗೆ ಸಿಕ್ಕಿಲ್ಲ. ರೋಗ ಹೇಗೆ ಹಂಚಿಹೋಗುತ್ತದೆ ಎನ್ನುವುದು ಕೃತಿಗೆ ಗೊತ್ತಿದೆ, ಆದರೆ ಆ ಅರಿವನ್ನು ಅದು ಹಿನ್ನೆಲೆಯ ದೃಶ್ಯವಾಗಿ ಬಳಸಿಕೊಳ್ಳುತ್ತದೆ. ರೂಪಕದ ಓದು ಈ ಅಸಮತೋಲನವನ್ನು ಮುಚ್ಚುತ್ತದೆ, ಮೈಯ ಓದು ಅದನ್ನು ಎತ್ತಿ ತೋರಿಸುತ್ತದೆ.

ಚೋಮನ ಮಕ್ಕಳು

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಇದಕ್ಕಿಂತ ಮೂರು ದಶಕ ಹಿಂದಿನದು, ಆದರೂ ಈ ವಿಷಯದಲ್ಲಿ ಹೆಚ್ಚು ನಿಷ್ಠುರವಾದದ್ದು. ಚೋಮನಿಗೆ ಇರುವುದು ಒಂದೇ ಆಸೆ. ತನ್ನದೆನ್ನುವ ತುಂಡು ಭೂಮಿಯಲ್ಲಿ ತನ್ನ ಎತ್ತುಗಳಿಂದ ಉಳಬೇಕು. ಹೊಲೆಯನಿಗೆ ಬೇಸಾಯ ಸಲ್ಲದೆಂಬ ಕಟ್ಟಳೆ ಅದನ್ನು ತಡೆಯುತ್ತದೆ. ಧಣಿ ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಕರಗಿದರೂ ಮನೆಯ ಹಿರಿಯ ತಾಯಿ ಒಪ್ಪುವುದಿಲ್ಲ. ಭೂಮಿ ಇಲ್ಲದ್ದರಿಂದ ಸಾಲ, ಸಾಲ ತೀರಿಸಲು ಗಂಡುಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗಬೇಕು. ಅಲ್ಲಿಂದ ಒಬ್ಬ ಮಗ ರೋಗ ಹೊತ್ತು ತಂದು ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯ ಕೈಹಿಡಿದು ಮನೆಯಿಂದ ದೂರವಾಗುತ್ತಾನೆ. ಮಗಳು ಬೆಳ್ಳಿ ಅದೇ ಸಾಲಕ್ಕಾಗಿ ಅದೇ ತೋಟಕ್ಕೆ ಹೋಗುತ್ತಾಳೆ. ಸಾಲ ತೀರುವುದು ಆಕೆಯ ಮೈಯ ಬೆಲೆಗೆ.

ಒಂದು ಸಾವಿನ ಹಿಂದೆ ಎಷ್ಟು ಕೊಂಡಿಗಳಿವೆ ನೋಡಿ. ಜಾತಿಯ ಕಟ್ಟಳೆಯಿಂದ ಭೂಮಿಯಿಲ್ಲ, ಭೂಮಿಯಿಲ್ಲದ್ದಕ್ಕೆ ಸಾಲ, ಸಾಲಕ್ಕೆ ವಲಸೆ, ವಲಸೆಯಲ್ಲಿ ರೋಗ. ಸೈಲೀಷಿಯಾದಲ್ಲಿ ವಿರ್ಕೋ ಕಂಡ ಸರಪಳಿಯೂ ಇಂಥದ್ದೇ. ಕಾರಂತರು ಅದನ್ನು ವರದಿಯ ಭಾಷೆಯಲ್ಲಿ ಹೇಳದೆ, ದುಡಿಯ ಬಡಿತ ಏರುತ್ತ ಇಳಿಯುತ್ತ ಹೋಗುವ ಒಂದು ಗುಡಿಸಲಿನೊಳಗೆ ಕಟ್ಟಿದರು. ಘಟ್ಟದ ಚಳಿಜ್ವರದ ಹೆಸರು ಕೇಳಿದರೇ ಕರಾವಳಿಯ ಕೂಲಿಗಳು ನಡುಗುತ್ತಿದ್ದ ಕಾಲ ಅದು. ಆದರೂ ಅವರು ಹೋಗುತ್ತಿದ್ದರು, ಏಕೆಂದರೆ ಮುಂಗಡ ಪಡೆದಾಗಿತ್ತು.

ಕಾದಂಬರಿಯ ಅತಿ ಕ್ರೂರ ಘಟನೆ ರೋಗದ್ದಲ್ಲ. ಚೋಮನ ಕಿರಿಯ ಮಗ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಜನರಿದ್ದಾರೆ. ಮುಟ್ಟಬಾರದವನನ್ನು ಮುಟ್ಟಿ ಎತ್ತಲು ಯಾರೂ ಇಳಿಯುವುದಿಲ್ಲ. ಇವತ್ತಿನ ಪಂಚಾಯಿತಿ ದಾಖಲೆಯಲ್ಲಾದರೆ ಇದು ‘ನೀರಿನಲ್ಲಿ ಮುಳುಗಿ ಸಾವು’ ಎಂದಷ್ಟೇ ಆಗುತ್ತದೆ. ಸಾವಿನ ಕಾರಣ ಎಂಬ ಅಂಕಣದಲ್ಲಿ ದಡದ ಮೇಲೆ ನಿಂತವರನ್ನು ಬರೆಯಲು ಜಾಗವಿರುವುದಿಲ್ಲ. ಕಾದಂಬರಿಯಲ್ಲಿ ಆ ಜಾಗ ಇದೆ. ಸಾಹಿತ್ಯ ಸಾರ್ವಜನಿಕ ಆರೋಗ್ಯದ ಬಗ್ಗೆ ಏನು ಹೇಳಬಲ್ಲದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಪುಟವನ್ನು.

ಮುಂದೆ ಏನಾಯಿತು ಎಂಬುದನ್ನೂ ನೆನೆಯಬೇಕು. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಗೇಣಿದಾರರಿಗೆ ಭೂಮಿ ಕೊಟ್ಟಿತು. ಚೋಮ ಗೇಣಿದಾರನಲ್ಲ, ಮೂಲದಾಳು. ಅವನ ಕೈಯಲ್ಲಿ ಗೇಣಿಯ ಚೀಟಿ ಇರಲು ಸಾಧ್ಯವೇ ಇರಲಿಲ್ಲ. ಕರ್ನಾಟಕದ ಬಹುದೊಡ್ಡ ಸಾಮಾಜಿಕ ಕಾನೂನು ಕೂಡ ಚೋಮನಂಥವರ ಬಹುಪಾಲು ಮಂದಿಯ ಪಕ್ಕದಿಂದ ಹಾದುಹೋಯಿತು.

ಒಂದು ಮೂಟೆ ಶೇಂಗಾ, ಒಂದು ಮೊಟ್ಟೆ

ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ರೋಗ ಎನ್ನುವಂಥದ್ದು ಇಲ್ಲ, ಹಸಿವಿದೆ. ಸಾಕವ್ವನ ಮನೆಗೆ ಒಂದು ರಾತ್ರಿ ಸಾಹುಕಾರ ಎತ್ತಪ್ಪನ ಕಡಲೆಕಾಯಿಯ ಮೂಟೆ ಬರುತ್ತದೆ. ನಮ್ಮ ಕಡೆ ಅದು ಶೇಂಗಾ. ಮನೆಮಂದಿಯೆಲ್ಲ ಒಲೆಯ ಸುತ್ತ ಕೂತು ಸುಟ್ಟು ತಿನ್ನುತ್ತಾರೆ, ಮಾತಾಡುತ್ತಾರೆ, ನಗುತ್ತಾರೆ. ಬೆಳಿಗ್ಗೆ ಪೊಲೀಸರು ಬಂದು ಹುಡುಕಿದರೆ ಸಿಪ್ಪೆಯೂ ಸಿಕ್ಕುವುದಿಲ್ಲ.

ಈ ರಾತ್ರಿಯನ್ನು ಹಲವರು ಪ್ರತಿರೋಧ ಎಂದು ಓದಿದ್ದಾರೆ, ಜೀವಚೈತನ್ಯ ಎಂದು ಓದಿದ್ದಾರೆ. ಎರಡೂ ಸರಿ. ಅವಕ್ಕಿಂತ ಮೊದಲಿನ ಓದೊಂದು ಉಳಿದಿದೆ. ಅದು ಊಟ, ಅದರಲ್ಲೂ ಅವರ ನಿತ್ಯದ ಊಟದಲ್ಲಿ ಇಲ್ಲದ ಊಟ. ಬೆಳೆದವರ ಮನೆಯಲ್ಲೇ ಬೆಳೆ ಇಲ್ಲ. ಎಣ್ಣೆಯೂ ಸತ್ವವೂ ತುಂಬಿದ ಕಾಳು ಮೂಟೆಗಳಲ್ಲಿ ಸಾಹುಕಾರನ ಅಂಗಳ ಸೇರುತ್ತದೆ, ಬಿತ್ತಿ ಕಿತ್ತವರ ಹೊಟ್ಟೆಗೆ ಕದ್ದರೆ ಮಾತ್ರ ಬರುತ್ತದೆ. ಆ ಕುಟುಂಬದ ಸಂಭ್ರಮ ಯಾವ ಮಟ್ಟದ್ದು ಎಂದು ಗಮನಿಸಿದರೆ ಅವರ ಉಳಿದ ದಿನಗಳ ಕೊರತೆ ಯಾವ ಮಟ್ಟದ್ದು ಎಂಬುದು ಅರ್ಥವಾಗುತ್ತದೆ. ಮಹಾದೇವರು ಕೊರತೆಯನ್ನು ಕೊರತೆಯ ಮೂಲಕ ಹೇಳದೆ ಸಂಭ್ರಮದ ಮೂಲಕ ಹೇಳಿದ್ದಾರೆ. ಅಂಕಿಸಂಖ್ಯೆಗೆ ಇದು ಎಟುಕುವುದಿಲ್ಲ.

ಅಂಕಿಸಂಖ್ಯೆ ಹೇಳುವುದನ್ನೂ ಕೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಈ ಕೊರತೆ ರಾಜ್ಯದ ತುಂಬ ಒಂದೇ ಸಮನಾಗಿ ಹರಡಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲೂಕುಗಳಲ್ಲಿ 26 ಉತ್ತರ ಕರ್ನಾಟಕದವು. 2021ರ ಡಿಸೆಂಬರಿನಲ್ಲಿ ಸರ್ಕಾರ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲಾಮಕ್ಕಳಿಗೆ ಮಧ್ಯಾಹ್ನದ ಊಟದಲ್ಲಿ ಮೊಟ್ಟೆ ಕೊಡಲು ಶುರು ಮಾಡಿತು. ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಕೊಟ್ಟರೆ ಶಾಲೆಯಲ್ಲಿ ಭೇದ ಹುಟ್ಟುತ್ತದೆ ಎಂಬ ವಾದ ಬಂತು. ನಮಗೆ ಮೊಟ್ಟೆ ಬೇಕು ಎಂದು ಮಕ್ಕಳೇ ಬಾಯಿಬಿಟ್ಟು ಹೇಳಿದರು.

‘ಒಡಲಾಳ’ ಓದಿದವರಿಗೆ ಈ ಜಗಳ ಹೊಸದಾಗಿ ಕಾಣುವುದಿಲ್ಲ. ಯಾರ ತಟ್ಟೆಯಲ್ಲಿ ಏನಿರಬೇಕು ಎಂದು ತೀರ್ಮಾನಿಸುವವರು ಬೇರೆ, ಆ ತಟ್ಟೆಯ ಮುಂದೆ ಕೂರುವವರು ಬೇರೆ. ಒಂದು ಮೊಟ್ಟೆಗೆ ಶೀಲ, ಸಂಸ್ಕೃತಿ, ಸಂಪ್ರದಾಯಗಳ ಅರ್ಥ ಹೊರಿಸಿದಾಗ ಅದು ಮಗುವಿನ ಬಾಯಿಯಿಂದ ದೂರ ಸರಿಯುತ್ತದೆ. ರೂಪಕದ ಚಟ ವಿಮರ್ಶಕರಿಗೆ ಮಾತ್ರ ಇರುವುದಲ್ಲ.

ಕಾದಂಬರಿಯ ಹೊರಗಿನ ಎರಡು ಊರು

ಇಲ್ಲಿಯವರೆಗೆ ಕೃತಿಗಳೊಳಗಿನ ಜಡ್ಡನ್ನು ನೋಡಿದೆವು. ಇದೇ ಕಣ್ಣಿನಿಂದ ನಿಜದ ಊರುಗಳನ್ನು ನೋಡಿದರೆ ಏನು ಕಾಣುತ್ತದೆ? ಒಂದು ಮಲೆನಾಡಿನದು, ಇನ್ನೊಂದು ಗಡಿಯಾಚೆಯದು.

ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಒಂದು ವಿಚಿತ್ರ ಬ್ಯಾನಿ ಬೆಳಕಿಗೆ ಬಂತು. ಸೊಂಟ ಮತ್ತು ಮೊಣಕಾಲಿನ ಕೀಲುಗಳು ಸವೆದು ಜನ ನಡೆಯಲಾರದೆ ಹೋದರು. ಕೆಲವರು ಕುಳ್ಳಗೇ ಉಳಿದರು. ಊರಿನ ಹೆಸರೇ ರೋಗದ ಹೆಸರಾಯಿತು. ಬಹುತೇಕ ರೋಗಿಗಳು ದಲಿತ ಕೂಲಿ ಕುಟುಂಬಗಳವರು. ಮೊದಲು ಸಂಶಯ ಹೋದದ್ದು ಗದ್ದೆಯ ಏಡಿಗಳ ಮೇಲೆ. ಹೊಸ ತಳಿಯ ಭತ್ತದ ಜೊತೆ ಗದ್ದೆಗೆ ಕೀಟನಾಶಕ ಬಂದಿತ್ತು, ಆ ಗದ್ದೆಯ ಏಡಿಯನ್ನು ಈ ಕುಟುಂಬಗಳು ತಿನ್ನುತ್ತಿದ್ದವು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳು ವಂಶವಾಹಿಯ ಕಡೆಗೆ ಬೆರಳು ತೋರಿಸಿದವು.

ಏಡಿಯೋ ವಂಶವಾಹಿಯೋ ಎಂಬ ಚರ್ಚೆ ವಿಜ್ಞಾನಿಗಳದು. ಓದುಗನಾಗಿ ನನಗೆ ಕಾಣುವುದು, ಎರಡೂ ದಾರಿ ಹೋಗಿ ಸೇರುವ ಜಾಗ. ಏಡಿಯೇ ಕಾರಣವಾಗಿದ್ದರೆ, ಸಾರಿಗೆ ಬೇರೇನೂ ಇಲ್ಲದೆ ಧಣಿಯ ಗದ್ದೆಯಲ್ಲಿ ಏಡಿ ಹಿಡಿಯುವವರು ಯಾರು? ವಂಶವಾಹಿಯೇ ಕಾರಣವೆಂದರೆ, ಕೆಲವೇ ಕುಟುಂಬಗಳೊಳಗೆ ತಲೆತಲಾಂತರದಿಂದ ಹೆಣ್ಣು ತಂದು ಕೊಡಬೇಕಾಗಿ ಬಂದದ್ದು ಯಾವುದರಿಂದ? ಊಟದ ಎಲ್ಲೆಯನ್ನೂ ಮದುವೆಯ ಎಲ್ಲೆಯನ್ನೂ ಹಾಕಿದ್ದು ಒಂದೇ ಜಾತಿವ್ಯವಸ್ಥೆ. ‘ಇದು ವಂಶಪಾರಂಪರ್ಯ’ ಎಂದು ಹೇಳಿದ ಕೂಡಲೇ ಸಮಾಜ ಕೈತೊಳೆದುಕೊಳ್ಳಲು ಬರುವುದಿಲ್ಲ.

ಎರಡನೆಯ ಊರು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಯ ಪಡ್ರೆ. ಅಲ್ಲಿನ ಸರ್ಕಾರಿ ಗೇರು ತೋಟಗಳಿಗೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಮೇಲೆ ತೋಟ, ಕೆಳಗೆ ಮನೆಗಳು, ಸುರಂಗದ ನೀರು, ತೆರೆದ ಬಾವಿ. ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಕಂಡು ಮೊದಲು ಬರೆದವರು ಕೃಷಿಕ-ಪತ್ರಕರ್ತ ಶ್ರೀಪಡ್ರೆ. ತನ್ನ ಬಳಿ ಬರುವ ರೋಗಿಗಳಲ್ಲಿ ಅಸಹಜವಾದದ್ದನ್ನು ಕಂಡು ದಾಖಲಿಸಿದವರು ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಹೇಳಿತು. ಕರುವಿನಿಂದ ಕೋರ್ಟಿನವರೆಗೆ ಮೂರು ದಶಕಗಳಿಗೂ ಹೆಚ್ಚು ಹಿಡಿಯಿತು.

ಏಕೆ ಇಷ್ಟು ವರ್ಷ? ಒಂದು ಉತ್ತರ ಭೂಪಟದಲ್ಲಿದೆ. ಕನ್ನಡ, ತುಳು ಮಾತಾಡುವ ಆ ಊರು ಕೇರಳದ ಕಟ್ಟಕಡೆಯ ಮೂಲೆ, ಕರ್ನಾಟಕಕ್ಕೆ ಹೊರಗಿನದು. ಎರಡೂ ರಾಜಧಾನಿಗಳಿಗೆ ದೂರ. ಆ ದೂರದ ಇನ್ನೊಂದು ರೂಪವನ್ನು 2020ರ ಮಾರ್ಚ್‌ನಲ್ಲಿ ಎಲ್ಲರೂ ಕಂಡರು. ಕೊರೊನಾ ಕಾರಣಕ್ಕೆ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಉಳಿದರು, ಕೆಲವರು ಸತ್ತರು. ಈ ದುರಂತದ ಮೇಲೆ ಅಂಬಿಕಾಸುತನ್ ಮಾಂಗಾಡ್ ಮಲಯಾಳದಲ್ಲಿ 2009ರಲ್ಲೇ ಕಾದಂಬರಿ ಬರೆದರು, ಅದರ ಹೆಸರೇ ‘ಎಣ್ಮಕಜೆ’. ಕನ್ನಡದ ಊರಿನ ಹೆಸರು ಹೊತ್ತ ಆ ಕಾದಂಬರಿ ನಮ್ಮ ಎಷ್ಟು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ಚರ್ಚೆಯಾಗಿದೆ ಎಂಬುದು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಶ್ರೀಪಡ್ರೆಯವರ ಬರಹವನ್ನು ನಾವು ‘ಪತ್ರಿಕೋದ್ಯಮ’ ಎಂದು ಬೇರೆ ಕಪಾಟಿನಲ್ಲಿ ಇಟ್ಟಿದ್ದೇವೆ. ಹಳ್ಳಿಯ ಮೈಯ ಬಗ್ಗೆ ಕನ್ನಡ ಗದ್ಯ ಹೇಳಿದ ಅತಿ ಮುಖ್ಯ ಮಾತುಗಳಲ್ಲಿ ಕೆಲವು ಆ ಕಪಾಟಿನಲ್ಲೇ ಇವೆ.

ಒಂದು ಆಕ್ಷೇಪ

ಹೀಗೆ ಓದಿದರೆ ಕಾದಂಬರಿಯನ್ನು ಸಮೀಕ್ಷಾ ವರದಿಯ ಮಟ್ಟಕ್ಕೆ ಇಳಿಸಿದಂತಾಗುವುದಿಲ್ಲವೇ ಎಂಬ ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಕೃತಿಯನ್ನು ಸಾಕ್ಷ್ಯವಾಗಿ ಮಾತ್ರ ಬಳಸುವ ಓದು ನಮ್ಮಲ್ಲಿ ಸಾಕಷ್ಟಿದೆ. ‘ಚೋಮನ ದುಡಿ’ಯಲ್ಲಿ ಅಸ್ಪೃಶ್ಯತೆ, ‘ಒಡಲಾಳ’ದಲ್ಲಿ ಬಡತನ ಎಂದು ಪಟ್ಟಿ ಮಾಡಿ ಮುಗಿಸುವ ಪಿಎಚ್.ಡಿ. ಪ್ರಬಂಧಗಳ ಸಾಲಿಗೆ ಇನ್ನೊಂದನ್ನು ಸೇರಿಸುವುದು ನನಗೂ ಬೇಡ.

ಆದರೆ ನಾನು ಹೇಳುತ್ತಿರುವುದು ರೂಪಕವನ್ನು ಬಿಡಿ ಎಂದಲ್ಲ. ರೂಪಕಕ್ಕೆ ಹೋಗುವ ಮೊದಲು ಮೈಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ ಎನ್ನುತ್ತಿದ್ದೇನೆ. ಹಾಗೆ ನಿಂತಾಗ ಕೃತಿಯ ರಚನೆಯೇ ಬೇರೆಯಾಗಿ ಕಾಣುತ್ತದೆ. ‘ಸಂಸ್ಕಾರ’ದಲ್ಲಿ ಯಾವ ಸಾವಿಗೆ ಎಷ್ಟು ಪುಟ ಸಿಕ್ಕಿದೆ ಎನ್ನುವುದು ಕಲೆಯ ಪ್ರಶ್ನೆ. ‘ಚೋಮನ ದುಡಿ’ಯಲ್ಲಿ ಒಂದರ ಹಿಂದೊಂದು ಬರುವ ಅನಾಹುತಗಳು ಕೆಲವರಿಗೆ ಅತಿರೇಕವೆನಿಸಿವೆ, ಒಬ್ಬನಿಗೇ ಇಷ್ಟೊಂದು ದುರಂತವೇ ಎಂದು. ಸಾಲ, ವಲಸೆ, ರೋಗಗಳ ನಂಟು ಕಂಡಾಗ ಅವು ಬಿಡಿ ಅನಾಹುತಗಳಲ್ಲ, ಒಂದೇ ಅನಾಹುತದ ಕಂತುಗಳು ಎಂದು ಗೊತ್ತಾಗುತ್ತದೆ. ಅಲ್ಲಿಗೆ ಕಾದಂಬರಿಯ ಹೆಣಿಗೆಯ ಬಗೆಗಿನ ನಮ್ಮ ತೀರ್ಪೇ ಬದಲಾಗುತ್ತದೆ. ಇದು ವಿಮರ್ಶೆಯ ಕೆಲಸವೇ.

ಹಳ್ಳಿಯ ಕತೆಯಲ್ಲಿ ಯಾರಾದರೂ ಜಡ್ಡಿಗೆ ಬಿದ್ದರೆ ಮೂರು ಪ್ರಶ್ನೆಗಳನ್ನು ಕೇಳುವ ರೂಢಿ ನಮಗೆ ಬರಬೇಕು. ಜಡ್ಡು ಮೊದಲು ಯಾವ ಓಣಿಗೆ ಬಂತು? ಬಿದ್ದವರು ಅದಕ್ಕೆ ಮುಂಚೆ ಏನು ಉಣ್ಣುತ್ತಿದ್ದರು, ಯಾವ ನೀರು ಕುಡಿಯುತ್ತಿದ್ದರು? ದವಾಖಾನಿ ಎಷ್ಟು ದೂರ ಇತ್ತು, ಅಲ್ಲಿಗೆ ಹೋಗಲು ಏನನ್ನು ಮಾರಬೇಕಾಯಿತು?

ಮೂರನೆಯ ಪ್ರಶ್ನೆ ಇವತ್ತಿನ ಹುಬ್ಬಳ್ಳಿಗೆ ಬಹಳ ಹತ್ತಿರದ್ದು. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆಯ ಹಳ್ಳಿಗಳಿಂದ ಜನ ಕಿಮ್ಸ್ ದವಾಖಾನಿಗೆ ಬರುತ್ತಾರೆ. ಹಾಸಿಗೆ ಹಿಡಿದವನ ಜೊತೆ ಒಬ್ಬರು, ರೊಟ್ಟಿ ಕಟ್ಟಿಕೊಂಡು ಬಂದವರು ಇನ್ನೊಬ್ಬರು. ಆ ಇಬ್ಬರ ಕೂಲಿಯೂ ಹೋಯಿತು. ಮುಂಡರಗಿ, ಕೊಪ್ಪಳದ ಕಡೆ ಆಳದ ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲಿಗೂ ಎಲುಬಿಗೂ ಇಳಿದಿದೆ, ಶುದ್ಧ ನೀರಿಗೆ ನಾಣ್ಯ ಹಾಕಿ ಕೊಡ ತುಂಬಬೇಕು. ಸಹಕಾರಿ ಸಂಘದ ರೈತರಿಗೆಂದು 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, ಮತ್ತೆ 2022ರ ಕೊನೆಗೆ ಮರಳಿತು. ನಡುವಿನ ವರ್ಷಗಳಲ್ಲಿ ಜಡ್ಡು ನಿಂತಿರಲಿಲ್ಲ. ಯಾವ ಸಹಕಾರಿ ಸಂಘದ ಸದಸ್ಯರೂ ಅಲ್ಲದವರ ಪಾಡು ಇನ್ನೊಂದು.

ಇವೆಲ್ಲ ಕತೆಗಳಾಗಿ ಬರುತ್ತಿವೆಯೇ? ಉತ್ತರ ಕರ್ನಾಟಕದ ಹೊಸ ಕತೆಗಾರರಲ್ಲಿ ಭಾಷೆಯ ಕಸುವಿದೆ, ಊರಿನ ನೆನಪಿದೆ. ಆದರೆ ದವಾಖಾನಿಯ ವೆರಾಂಡಾದಲ್ಲಿ ಚಾಪೆ ಹಾಸಿ ಕಾಯುವ, ಗೋವಾಕ್ಕೆ ದುಡಿಯಲು ಹೋಗಿ ಕೆಮ್ಮು ಹೊತ್ತು ಬರುವ, ಔಷಧಿ ಹೊಡೆದು ಸಂಜೆಗೆ ತಲೆತಿರುಗಿ ಕೂರುವ ಮೈಗಳು ಅಲ್ಲಿ ಇನ್ನೂ ಹಿನ್ನೆಲೆಯಲ್ಲೇ ಉಳಿದಿವೆ ಎಂದು ನನಗೆ ಅನಿಸುತ್ತದೆ. ಅದಕ್ಕೆ ಬರೆಯುವವರಷ್ಟೇ ಓದುವವರೂ ಹೊಣೆ. ಅಂಥ ಕತೆಯೊಂದು ಬಂದರೆ ನಾವು ಅದರಲ್ಲಿ ಕೂಡಲೇ ‘ಆಧುನಿಕತೆಯ ರೋಗ’ವನ್ನು ಹುಡುಕಲು ಹೊರಡುತ್ತೇವೆ. ಅದನ್ನು ಬರೆದವನಿಗೆ, ಅವನ ಅಪ್ಪನ ಎದೆಯ ಎಕ್ಸ್‌ರೇ ತೆಗೆಸಲು ಯಾವ ಎತ್ತು ಹೋಯಿತು ಎಂದು ಕೇಳುವ ಓದುಗ ಬೇಕಾಗಿದ್ದಾನೆ.